ಒಸಡಿನ ರೋಗವೂ ಹಸಿರು ಚಹಾವೂ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೆಟ್ರಿಕ್ ಪಾಸಾಗಿ ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಈ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ: ಮೂವತ್ನಾಲ್ಕನೆಯ ವಯಸ್ಸಿಗೇ ಎರಡು ದವಡೆಹಲ್ಲು ಕಳೆದುಕೊಂಡಿದ್ದೇನೆ.

ಎರಡು ವರ್ಷ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ನೋವಿರಲಿಲ್ಲ; ಆದ್ದರಿಂದ ರೋಗವೂ ಇಲ್ಲವೆಂದು ತಿಳಿದೆ. ಊರಿಗೆ ಕಳಿಸಬೇಕಾದ ಹಣವನ್ನು ದಂತವೈದ್ಯರಿಗೇಕೆ ಕೊಡಲಿ ಎಂದುಕೊಂಡೆ. ಕೋಣೆಯ ಗೆಳೆಯರೊಬ್ಬರು, "ಹಸಿರು ಚಹಾ ಕುಡಿ, ಒಸಡು ಗಟ್ಟಿಯಾಗುತ್ತದೆ" ಎಂದರು. ಆರು ತಿಂಗಳು ಕುಡಿದೆ. ಹಲ್ಲು ಅಲುಗಾಡಿದ ಮೇಲೆ ವೈದ್ಯರಲ್ಲಿಗೆ ಓಡಿದೆ. ಅವರು ಗದರಿಸಲಿಲ್ಲ. "ಚಹಾ ಕೆಟ್ಟದ್ದಲ್ಲ, ನೀವು ಕ್ರಮ ತಪ್ಪಿದಿರಿ" ಎಂದರು. ಆ ಕ್ರಮವನ್ನೇ ಇಂದು ಅರಿಕೆ ಮಾಡುತ್ತೇನೆ.

ಹಲ್ಲಿನ ಬುಡದಲ್ಲಿ ದಿನವೂ ತೆಳ್ಳನೆಯ ಅಂಟು ಕೂಡುತ್ತದೆ. ಅದು ಕ್ರಿಮಿಗಳ ಬಿಡಾರ. ತೆಗೆಯದಿದ್ದರೆ ಜೊಲ್ಲಿನ ಖನಿಜ ಸೇರಿ ಕಲ್ಲಿನಂತಹ ಕಿಟ್ಟವಾಗುತ್ತದೆ. ಒಸಡು ಮೊದಲು ಊದಿ ರಕ್ತ ಸುರಿಸುತ್ತದೆ. ಈ ಹಂತದಲ್ಲಿ ಶುಚಿಮಾಡಿದರೆ ಗುಣವಾಗುತ್ತದೆ. ಅಲಕ್ಷಿಸಿದರೆ ಒಸಡು ಹಲ್ಲನ್ನು ಬಿಟ್ಟು ನಡುವೆ ಸಂದಿ ಬೀಳುತ್ತದೆ. ಆರೋಗ್ಯವಂತರಲ್ಲಿ ಆ ಸಂದಿಯ ಆಳ 3 ಮಿಲಿಮೀಟರು ಮೀರದು. ಅದು ಏರುತ್ತ ಹೋದಂತೆ ಕೆಳಗಿನ ಎಲುಬು ಕರಗುತ್ತದೆ. ಕರಗಿದ ಎಲುಬು ತಾನಾಗಿ ಬೆಳೆಯದು.

ಇನ್ನೊಂದು ಸಂಗತಿಯುಂಟು. ಕ್ರಿಮಿಗಳನ್ನು ಕೊಲ್ಲಲು ರಕ್ತದ ಬಿಳಿ ಕಣಗಳು ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳನ್ನು ಬಿಡುತ್ತವೆ. ಅವು ಹೆಚ್ಚಾದರೆ, ಕಳ್ಳನಿಗೆ ಬೀಸಿದ ಕೋಲು ಮನೆಯವರಿಗೂ ತಗುಲಿದಂತೆ, ನಮ್ಮ ಒಸಡನ್ನೂ ಕೆಡಿಸುತ್ತವೆ. ಇವುಗಳನ್ನು ಶಾಂತಗೊಳಿಸುವ ಪದಾರ್ಥಗಳಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ನೆಲ್ಲಿಕಾಯಿ, ಪೇರಲಹಣ್ಣುಗಳ ಸಿ ಜೀವಸತ್ವ ಅಂಥದು. ಹಸಿರು ಚಹಾದ ಕ್ಯಾಟಚಿನ್ ಇನ್ನೊಂದು. ನಮ್ಮ ದಿನನಿತ್ಯದ ಚಹಾಪುಡಿಯೂ ಅದೇ ಗಿಡದ್ದು. ಆದರೆ ಎಲೆಯನ್ನು ಜಜ್ಜಿ ಗಾಳಿಗೆ ಬಿಡುವುದರಿಂದ ಅದರ ಕ್ಯಾಟಚಿನ್ ಬಹುಪಾಲು ಬೇರೆ ವಸ್ತುವಾಗುತ್ತದೆ. ಹಸಿರು ಚಹಾದ ಎಲೆಯನ್ನು ಬೇಗನೆ ಹಬೆಯಲ್ಲೋ ಬಾಣಲೆಯಲ್ಲೋ ಕಾಯಿಸುವುದರಿಂದ ಅದು ಉಳಿಯುತ್ತದೆ.

ಜಪಾನಿನಲ್ಲಿ 49ರಿಂದ 59 ವಯಸ್ಸಿನ 940 ಗಂಡಸರನ್ನು ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ದಿನಕ್ಕೆ ಕುಡಿಯುವ ಒಂದೊಂದು ಹೆಚ್ಚಿನ ಬಟ್ಟಲಿಗೆ ಸಂದಿಯ ಸರಾಸರಿ ಆಳ 0.023 ಮಿಲಿಮೀಟರು ಕಡಿಮೆ ಕಂಡಿತು. ನಾನು ಗುಮಾಸ್ತ, ಲೆಕ್ಕ ಹಾಕಿದೆ. ನನ್ನ ಸಂದಿ 6 ಮಿಲಿಮೀಟರು. ಆ ದರದಲ್ಲಿ 3ಕ್ಕೆ ಇಳಿಯಲು ದಿನಕ್ಕೆ ನೂರಮೂವತ್ತು ಬಟ್ಟಲು ಬೇಕು! 2002ರಲ್ಲಿ ಜಪಾನಿನವರೇ ಕ್ಯಾಟಚಿನ್ ಸೇರಿಸಿದ ಸಣ್ಣ ಪಟ್ಟಿಗಳನ್ನು ಸಂದಿಯೊಳಗಿಟ್ಟು ನೋಡಿದರು. ಜೊತೆಗೆ ಕಿಟ್ಟವನ್ನೂ ತೆಗೆದ ಕಡೆ ಗುಣ ಚೆನ್ನಾಗಿ ಕಂಡಿತು. ಅಂದರೆ ಚಹಾ ಊಟದ ಉಪ್ಪಿನಕಾಯಿ, ಅದೇ ಊಟವಲ್ಲ.

ಆದಕಾರಣ ಕ್ರಮ ಹೀಗೆ. ಮೊದಲು ವೈದ್ಯರಿಂದ ಕಿಟ್ಟ ತೆಗೆಸಿ. ಸರಕಾರಿ ದಂತ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ, ಇ.ಎಸ್.ಐ. ಕಾರ್ಡಿನವರು ಅಲ್ಲಿ ವಿಚಾರಿಸಿ. ಎರಡು ಹೊತ್ತು ಮೃದುವಾದ ಬ್ರಶ್ಶಿನಿಂದ ಉಜ್ಜಿ. ಬೀಡಿ, ತಂಬಾಕು, ಮಿಶ್ರಿ ಬಿಡಿ. ಬೀಡಿ ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಅಡಗಿಕೊಂಡಿರುತ್ತದೆ. ಸಕ್ಕರೆ ಕಾಯಿಲೆ ಒಸಡನ್ನು ಬೇಗ ಕೆಡಿಸುವುದರಿಂದ ರಕ್ತ ಪರೀಕ್ಷೆ ಮಾಡಿಸಿ. ಇಷ್ಟಾದ ಮೇಲೆ, ಇಷ್ಟವಿದ್ದರೆ, ಒಂದೆರಡು ಬಟ್ಟಲು ಹಸಿರು ಚಹಾ ಕುಡಿಯಿರಿ. ಸಕ್ಕರೆ ಬೇಡ. ಊಟದ ಜೊತೆಗೂ ಬೇಡ, ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತದು. ಚಹಾಸಾರದ ಗುಳಿಗೆಗಳ ಗೋಜಿಗೆ ಹೋಗಬೇಡಿ. ಅತಿಯಾದರೆ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಪೆಟ್ಟು.

ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜುವವರು ನನಗೆ ಹೇಳಿ. ನನ್ನ ರಜೆಯ ದಿನ ಜೊತೆಗೆ ಬರುತ್ತೇನೆ. ನಾಳೆ ಬೆಳಗ್ಗೆ ಹಲ್ಲುಜ್ಜಿ ಉಗುಳುವಾಗ ಆ ನೀರನ್ನು ಒಮ್ಮೆ ನೋಡಿ. ಕೆಂಪಿದ್ದರೆ ನನ್ನಂತೆ ಎರಡು ವರ್ಷ ಕಾಯಬೇಡಿ.