ಒಪ್ಪಂದ ಮಾಡುವುದಕ್ಕೆ ನೂರು ಕೈ, ಮುರಿಯುವುದಕ್ಕೆ ಒಂದೇ ಕೈ
(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಮಿಲ್ಲಿನಲ್ಲಿ ಪಗಾರದ ಒಪ್ಪಂದವಾಗಬೇಕಾದರೆ ಸಂಘದ ಸಭೆ ಕೂಡುತ್ತದೆ, ಚರ್ಚೆಯಾಗುತ್ತದೆ, ನೀವು ಕೈ ಎತ್ತುತ್ತೀರಿ. ಅದೇ ಒಪ್ಪಂದವನ್ನು ಸಂಘದ ಅಧ್ಯಕ್ಷನೊಬ್ಬನೇ ಮನೆಯಲ್ಲಿ ಕುಳಿತು ಒಂದು ಕಾಗದ ಬರೆದು ರದ್ದುಮಾಡಿದರೆ ಸುಮ್ಮನಿರುತ್ತೀರಾ? ಅಮೆರಿಕದಲ್ಲಿ ಅಣ್ವಸ್ತ್ರಗಳ ವಿಷಯದಲ್ಲಿ ನಡೆದುಬಂದಿರುವುದು ಇದೇ.

ಅಲ್ಲಿನ ಸಂವಿಧಾನದ ಪ್ರಕಾರ ಪರರಾಷ್ಟ್ರದೊಡನೆ ಒಪ್ಪಂದ ಮಾಡಲು ಸೆನೆಟ್ಟಿನಲ್ಲಿ ಹಾಜರಿದ್ದವರ ಪೈಕಿ ಮೂರರಲ್ಲಿ ಎರಡು ಪಾಲು ಸದಸ್ಯರ ಸಮ್ಮತಿ ಬೇಕು. ಒಪ್ಪಂದ ಬಿಟ್ಟು ಹೊರಬರಲು ಯಾರ ಸಮ್ಮತಿ ಬೇಕೆಂದು ಸಂವಿಧಾನ ಹೇಳಿಲ್ಲ. ಆ ಮೌನವನ್ನೇ ಅಧ್ಯಕ್ಷರು ತಮ್ಮ ಅಧಿಕಾರವೆಂದು ಓದಿಕೊಂಡಿದ್ದಾರೆ.

1972ರಲ್ಲಿ ನಿಕ್ಸನ್ ಮತ್ತು ಬ್ರೆಜ್ನೆವ್ ಮಾಸ್ಕೋದಲ್ಲಿ ಒಂದು ಒಪ್ಪಂದಕ್ಕೆ ರುಜು ಹಾಕಿದರು. ಹಾರಿ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಪ್ರತಿಕ್ಷಿಪಣಿಗಳಿಗೆ ಮಿತಿ ಹಾಕಿದ ಒಪ್ಪಂದ ಅದು. ಗುರಾಣಿಗೇಕೆ ಮಿತಿ ಎಂದು ನೀವು ಕೇಳಬಹುದು. ಒಬ್ಬನ ಗುರಾಣಿ ದಪ್ಪವಾದಷ್ಟೂ ಇನ್ನೊಬ್ಬ ಕತ್ತಿಗಳನ್ನು ಹೆಚ್ಚಿಸುತ್ತಾನೆ, ಅದಕ್ಕೆ. ಸೆನೆಟ್ಟಿನಲ್ಲಿ 88 ಮತ ಪರವಾಗಿ, 2 ಮತ ವಿರೋಧವಾಗಿ ಬಿದ್ದವು. 2001ರ ಡಿಸೆಂಬರ್ 13ರಂದು ಬುಷ್ ಸಾಹೇಬರು ಆರು ತಿಂಗಳ ನೋಟೀಸು ಕೊಟ್ಟು ಹೊರನಡೆದರು. ಸೆನೆಟ್ಟಿನ ಮತ ಕೇಳಲಿಲ್ಲ. ಕೆಳಮನೆಯ 32 ಸದಸ್ಯರು ಕೋರ್ಟಿಗೆ ಹೋದರು. ನೀವು ಬಿಡಿ ಸದಸ್ಯರು, ಸಭೆಯ ಪರವಾಗಿ ದಾವೆ ಹೂಡುವ ಹಕ್ಕು ನಿಮಗಿಲ್ಲ, ಇದು ರಾಜಕೀಯ ಪ್ರಶ್ನೆ ಎಂದು ನ್ಯಾಯಾಧೀಶರು 2002ರಲ್ಲಿ ಅರ್ಜಿ ವಜಾ ಮಾಡಿದರು.

1987ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಮಾಡಿಕೊಂಡ ಒಪ್ಪಂದದ ಕಥೆಯೂ ಅಷ್ಟೇ. ನೆಲದಿಂದ ಹಾರಿ 500ರಿಂದ 5,500 ಕಿಲೋಮೀಟರ್ ಹೋಗುವ ಕ್ಷಿಪಣಿಗಳೇ ಇರಕೂಡದು ಎಂದಿತು ಅದು. 2,692 ಕ್ಷಿಪಣಿಗಳು ನಾಶವಾದವು. ಸೆನೆಟ್ಟಿನ ಮತ 93ಕ್ಕೆ 5. ರಷ್ಯ ನಿಷಿದ್ಧ ಕ್ಷಿಪಣಿ ಮಾಡಿದೆಯೆಂಬ ದೂರು ಅಮೆರಿಕದ್ದು. ನೇಟೋ ರಾಷ್ಟ್ರಗಳೂ ಹಾಗೆಂದವು, ರಷ್ಯ ಅಲ್ಲಗಳೆಯಿತು. ದೂರು ನಿಜವಿದ್ದರೆ ಅದನ್ನು ಸಭೆಯ ಮುಂದಿಟ್ಟು ಮತಕ್ಕೆ ಹಾಕಲು ಅಂಜಿಕೆ ಏಕೆ? ಟ್ರಂಪ್ ಸಾಹೇಬರು ಹಾಕಲಿಲ್ಲ. 2019ರ ಆಗಸ್ಟ್ 2ಕ್ಕೆ ಒಪ್ಪಂದ ಸತ್ತಿತು. ಅದೇ ತಿಂಗಳ 18ರಂದು ನಿಷೇಧವಿದ್ದ ಜಾತಿಯ ಕ್ಷಿಪಣಿಯೊಂದನ್ನು ಅಮೆರಿಕ ಹಾರಿಸಿ ನೋಡಿತು.

ಶಾಸಕರು ಕೈಕಟ್ಟಿ ಕುಳಿತಿದ್ದರೆಂದಲ್ಲ. ಒಬ್ಬರ ನೆಲದ ಮೇಲೆ ಇನ್ನೊಬ್ಬರು ನಿಶ್ಶಸ್ತ್ರ ವಿಮಾನ ಹಾರಿಸಿ ಸೈನ್ಯವನ್ನು ನೋಡಿಬರುವ ಮುಕ್ತಾಕಾಶ ಒಪ್ಪಂದವೊಂದಿತ್ತು. ಅದನ್ನು ಬಿಡುವ ನೋಟೀಸಿಗೆ 120 ದಿನ ಮೊದಲೇ ತಮಗೆ ತಿಳಿಸಬೇಕೆಂದು 2019ರಲ್ಲಿ ಕಾನೂನನ್ನೇ ಮಾಡಿದರು. 2020ರ ಮೇ 22ರಂದು ಸರ್ಕಾರ ಆ ಕಾನೂನನ್ನು ಬದಿಗಿಟ್ಟು ನೋಟೀಸು ಕೊಟ್ಟಿತು.

ಬರೀ ಮತ ಹಾಕಿಸಿದರೂ ಸಾಲದು ಎನ್ನಿ. 2023ರ ಅಕ್ಟೋಬರಿನಲ್ಲಿ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಕೊಟ್ಟಿದ್ದ ಅನುಮೋದನೆಯನ್ನು ರಷ್ಯದ ಡೂಮಾ ಎರಡೇ ದಿನದಲ್ಲಿ ಮೂರು ವಾಚನ ಮುಗಿಸಿ ಹಿಂತೆಗೆದುಕೊಂಡಿತು, ಒಂದೇ ಒಂದು ವಿರೋಧ ಮತವಿಲ್ಲದೆ! ಅದನ್ನು ನಾವು ಪರಿಶೀಲನೆ ಎನ್ನುವುದಿಲ್ಲ.

ಅಮೆರಿಕದ ಕಾಂಗ್ರೆಸ್ಸಿಗೆ ಬೀಗ ಹಾಕಲು ಬರುವುದಿಲ್ಲವೇ? ಬರುತ್ತದೆ. ನೇಟೋ ಸೈನಿಕ ಕೂಟವನ್ನು ಯಾವ ಅಧ್ಯಕ್ಷನೂ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಮತವಾಗಲಿ, ಕಾಂಗ್ರೆಸ್ಸಿನ ಕಾನೂನಾಗಲಿ ಇಲ್ಲದೆ ಬಿಡಕೂಡದೆಂದು 2023ರ ಡಿಸೆಂಬರಿನಲ್ಲಿ ಶಾಸನ ಮಾಡಿದರು. 2,692 ಕ್ಷಿಪಣಿಗಳನ್ನು ಒಡೆಸಿದ ಒಪ್ಪಂದಕ್ಕೆ ಅಂಥ ಬೀಗ ಹಾಕಿರಲಿಲ್ಲ.