ಔಷಧಿ ಹೊತ್ತ ವೈರಸ್ಸು

ನೆಲದ ಮೇಲೆ ಬಾಣದ ಗುರುತುಗಳು. ಅವನ್ನೇ ಹಿಡಿದು ನಡೆದರೆ ಬಾಗಿಲು ಸಿಗುತ್ತದೆ. ದಾರಿಯಲ್ಲಿ ಅಡ್ಡಕ್ಕೆ ಇಟ್ಟ ಸಾಮಾನುಗಳಿವೆ, ಮೆಟ್ಟಿಲಿನಂಥ ಏರುಗಳಿವೆ. ದೀಪ ಚೆನ್ನಾಗಿದ್ದರೆ ಇದು ನಿಮಗೆ ಆಟವೇ ಸರಿ. ಆದರೆ ಅಮೆರಿಕದ ವೈದ್ಯರು ಈ ದಾರಿಯನ್ನು ಹಾಕಿದ್ದು ಆಟಕ್ಕಲ್ಲ. ದೀಪವನ್ನು ಹಂತಹಂತವಾಗಿ ಇಳಿಸುತ್ತ, ಕಣ್ಣು ಸರಿಯಾಗಿ ಕಾಣದವರನ್ನು ಅದರ ಮೇಲೆ ನಡೆಸಿ ನೋಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ಹಂತ ಒಂದು ಲಕ್ಸ್, ಅಂದರೆ ಮುಸ್ಸಂಜೆ ಕಳೆದು ಕತ್ತಲಿಳಿಯುವ ಹೊತ್ತಿನ ಮಬ್ಬು.

ನಡೆದವರಿಗೆಲ್ಲ ಇದ್ದದ್ದು ಒಂದೇ ತೊಂದರೆ. ಆರ್‌ಪಿಇ65 ಎಂಬ ಜೀನ್ ಕೆಟ್ಟಿತ್ತು. ಬೆಳಕು ಬಿದ್ದಾಗ ಕಣ್ಣಿನೊಳಗೆ ವಿಟಮಿನ್ ಎಯಿಂದಾದ ಒಂದು ವಸ್ತು ರೂಪ ಬದಲಿಸುತ್ತದೆ. ಅದನ್ನು ಮತ್ತೆ ಮೊದಲಿನ ರೂಪಕ್ಕೆ ತರುವ ಪ್ರೋಟೀನು ತಯಾರಾಗುವುದು ಈ ಜೀನ್‌ನಿಂದ. ಜೀನ್ ಕೆಟ್ಟರೆ ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಬರಬರುತ್ತ ಹಗಲಿನಲ್ಲೂ ಕಾಣುವುದಿಲ್ಲ.

ಮಾತ್ರೆ ನುಂಗಿದರೆ ಜೀನ್ ಸರಿಯಾಗದು. ಸರಿಯಾದ ಜೀನನ್ನು ಕಣ್ಣಿನ ಜೀವಕೋಶದ ಒಳಗೇ ಒಯ್ದು ಬಿಡಬೇಕು. ಒಯ್ಯುವವರು ಯಾರು? ಜೀವಕೋಶದೊಳಗೆ ನುಗ್ಗುವುದರಲ್ಲಿ ವೈರಸ್ಸಿಗಿಂತ ಗಟ್ಟಿಗರಿಲ್ಲ. ವಿಜ್ಞಾನಿಗಳು ಆರಿಸಿಕೊಂಡದ್ದು ಎಎವಿ ಎಂಬ ಸಾಧು ವೈರಸ್ಸನ್ನು. 1965ರಲ್ಲಿ ಬೇರೊಂದು ವೈರಸ್ಸನ್ನು ಬೆಳೆಸುತ್ತಿದ್ದಾಗ ಅದರ ಜೊತೆಯಲ್ಲಿ, ಯಾರೂ ಕರೆಯದೆ, ಇದು ಕಾಣಿಸಿಕೊಂಡಿತ್ತು. ಇದರಿಂದ ಮನುಷ್ಯರಿಗೆ ಬರುವ ಕಾಯಿಲೆ ಯಾವುದೂ ಪತ್ತೆಯಾಗಿಲ್ಲ. ನಲವತ್ತು ಸಾವಿರ ಎಎವಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಅದರ ಸ್ವಂತ ಜೀನ್‌ಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ನಮಗೆ ಬೇಕಾದ ಜೀನ್ ಇಟ್ಟರಾಯಿತು. ಆಮೇಲೆ ಅದು ಒಳಗೆ ಹೋಗಬಲ್ಲದು, ಆದರೆ ತನ್ನ ಸಂತಾನ ಬೆಳೆಸಲಾರದು.

ಮೊದಲು ಹುಟ್ಟುಕುರುಡು ನಾಯಿಗಳ ಮೇಲೆ ಪ್ರಯೋಗವಾಯಿತು. ಅವುಗಳಲ್ಲಿ ಲ್ಯಾನ್ಸಲಾಟ್ ಎಂಬವನಿಗೆ ಕಣ್ಣು ಕಾಣತೊಡಗಿ, ಅಮೆರಿಕದ ಸಂಸತ್ತಿಗೂ ಹೋಗಿಬಂದ! ಮುಂದೆ ಮನುಷ್ಯರ ಸರದಿ. ಚಿಕಿತ್ಸೆ ಪಡೆದ ಇಪ್ಪತ್ತು ಜನರಲ್ಲಿ ಹದಿಮೂರು ಮಂದಿ ಒಂದು ವರ್ಷದ ಬಳಿಕ ಆ ಒಂದು ಲಕ್ಸ್ ಮಬ್ಬಿನಲ್ಲೂ ಬಾಣ ಹಿಡಿದು ದಾರಿ ದಾಟಿದರು. 2017ರ ಡಿಸೆಂಬರಿನಲ್ಲಿ ಅಮೆರಿಕ ಈ ಔಷಧಿಗೆ ಒಪ್ಪಿಗೆ ಕೊಟ್ಟಿತು. ಹೆಸರು ಲಕ್ಸ್‌ಟರ್ನಾ. ಒಂದು ಕಣ್ಣಿಗೆ 0.3 ಮಿಲಿಲೀಟರ್, ಹೆಚ್ಚೆಂದರೆ ಕೆಲವು ಹನಿ. ಅಷ್ಟರಲ್ಲೇ ಜೀನ್ ಹೊತ್ತ ವೈರಸ್ಸುಗಳು ಹದಿನೈದು ಸಾವಿರ ಕೋಟಿ!

ಆದರೆ ಅದನ್ನು ಕೊಡುವುದು ಸುಲಭವಲ್ಲ. ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲ ಬಹಳ ನಾಜೂಕು. ಶಸ್ತ್ರಚಿಕಿತ್ಸೆ ಮಾಡಿ, ಕೂದಲೆಳೆಯಂಥ ಸೂಜಿಯನ್ನು ಅದರ ಅಡಿಗೇ ತೂರಿಸಬೇಕು. ಕಣ್ಣಿನ ನಡುವೆ ಲೋಳೆಯಂಥ ವಸ್ತು ತುಂಬಿದೆಯಲ್ಲ, ಅಲ್ಲಿಗೆ ಚುಚ್ಚಿದರೆ ಸಾಲದೇ? ಚುಚ್ಚುವುದೇನೋ ಸುಲಭ. ಆದರೆ ಸಾಮಾನ್ಯ ಎಎವಿ ಅಲ್ಲಿಂದ ಹೊರಟು ಅಕ್ಷಿಪಟಲದ ಮೊದಲ ಪದರಗಳಲ್ಲೇ ನಿಂತುಬಿಡುತ್ತದೆ. ಬೆಳಕನ್ನು ಹಿಡಿಯುವ ಜೀವಕೋಶಗಳಿರುವುದು ಇನ್ನೂ ಆಳದಲ್ಲಿ.

ಹಾಗಾದರೆ ವೈರಸ್ಸನ್ನೇ ತಿದ್ದಬೇಕು. ಅದರ ಹೊರಕವಚ ಅರವತ್ತು ಪ್ರೋಟೀನುಗಳನ್ನು ಜೋಡಿಸಿದ ಗೂಡು, ಮೇಲೆಲ್ಲ ಸಣ್ಣ ಸಣ್ಣ ಉಬ್ಬುಗಳು. ವೈರಸ್ಸು ಎಲ್ಲಿ ಅಂಟಬೇಕು, ಎಲ್ಲಿಗೆ ಹೋಗಬೇಕು ಎಂಬುದು ಬಹುಪಾಲು ಈ ಉಬ್ಬುಗಳ ಕೈಯಲ್ಲಿದೆ. ಯಾವ ಉಬ್ಬನ್ನು ಹೇಗೆ ಬದಲಿಸಬೇಕೆಂದು ಕುಳಿತು ಲೆಕ್ಕ ಹಾಕುವುದು ಕಷ್ಟ. ಅದಕ್ಕೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಮ್ಮ ರಾಗಿ ಬೆಳೆಗಾರರ ದಾರಿ ಹಿಡಿದರು: ಹೊಲದಲ್ಲಿ ಚೆನ್ನಾಗಿ ಬಂದ ತೆನೆಯನ್ನೇ ಬೀಜಕ್ಕೆ ಎತ್ತಿಡುವುದು, ಮರುವರ್ಷ ಅದನ್ನೇ ಬಿತ್ತುವುದು. ಕವಚ ಒಂದಿಷ್ಟು ಹೆಚ್ಚುಕಡಿಮೆ ಇರುವ ಲಕ್ಷಗಟ್ಟಲೆ ವೈರಸ್ಸುಗಳನ್ನು ಒಟ್ಟಿಗೆ ಇಲಿಯ ಕಣ್ಣಿನ ಲೋಳೆಗೆ ಬಿಟ್ಟರು. ಆಳದ ಜೀವಕೋಶಗಳನ್ನು ಯಾವುವು ಮುಟ್ಟಿದವೋ ಅವನ್ನಷ್ಟೇ ಹೊರತೆಗೆದು, ಬೆಳೆಸಿ, ಮತ್ತೆ ಬಿಟ್ಟರು. ಹೀಗೆ ಸುತ್ತಿನ ಮೇಲೆ ಸುತ್ತು. ಈ ವಿಧಾನದಲ್ಲಿ ನನಗೆ ಹಿಡಿಸುವುದು ಏನೆಂದರೆ, ವಿಜ್ಞಾನಿಗೆ ಉತ್ತರ ಮೊದಲೇ ಗೊತ್ತಿರಬೇಕಾಗಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಸಾಕು.

2013ರಲ್ಲಿ ಅವರು ಪ್ರಕಟಿಸಿದ ಗೆದ್ದ ಕವಚದ ಹೆಸರು 7ಎಂ8. ಇಲಿಯ ಅಕ್ಷಿಪಟಲದಲ್ಲಿ ಅದು ಆಳಕ್ಕಿಳಿಯಿತು. ಕೋತಿಯ ಕಣ್ಣಿನಲ್ಲಿಯೂ ಕೆಲಸ ಮಾಡಿತು, ಆದರೆ ಇಲಿಯಲ್ಲಿ ಹರಡಿದಷ್ಟು ಹರಡಲಿಲ್ಲ.

ಇಲಿಯಲ್ಲಿ ಗೆದ್ದದ್ದು ಬೇರೆಡೆ ಗೆಲ್ಲುತ್ತದೆಂದು ನಂಬುವಂತಿಲ್ಲ. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯವರು ಇದೇ ಬಗೆಯಲ್ಲಿ ಆರಿಸಿ, ರಕ್ತಕ್ಕೆ ಚುಚ್ಚಿದರೂ ಮಿದುಳಿಗೆ ತಲುಪುವ ಕವಚವೊಂದನ್ನು ಪಡೆದರು. ಮಿದುಳಿನ ರಕ್ತನಾಳಗಳು ಕಂಡಕಂಡದ್ದನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಎಲ್ಲರಿಗೂ ಹಿಗ್ಗು. ಆದರೆ ಬೇರೆ ತಳಿಯ ಇಲಿಗಳಲ್ಲಿ ಅದೇ ಕವಚ ಸೋತಿತು! ಕಾರಣ ತಿಳಿದದ್ದು 2019ರಲ್ಲಿ. ಈ ವೈರಸ್ಸು ಹಿಡಿದುಕೊಂಡು ಒಳಹೋಗುತ್ತಿದ್ದುದು ಕೆಲವು ತಳಿಯ ಇಲಿಗಳ ಮಿದುಳಿನ ರಕ್ತನಾಳದಲ್ಲಿರುವ ಒಂದು ಪ್ರೋಟೀನನ್ನು. ಮನುಷ್ಯರಲ್ಲಿ ಆ ಪ್ರೋಟೀನೇ ಇಲ್ಲ.

ಅದರಿಂದ ಬ್ರಾಡ್ ಇನ್‌ಸ್ಟಿಟ್ಯೂಟಿನ ತಂಡ ತಿರುಗಿ ಯೋಚಿಸಿತು. ನಮ್ಮ ಮಿದುಳಿಗೆ ಕಬ್ಬಿಣದ ಅಂಶ ಸಾಗಿಸಲೆಂದೇ ರಕ್ತನಾಳಗಳಲ್ಲಿ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂಬ ಪ್ರೋಟೀನಿದೆ. ಮನುಷ್ಯರ ಈ ಪ್ರೋಟೀನನ್ನೇ ಹಿಡಿಯುವ ಕವಚವನ್ನು ಹುಡುಕಿ ತೆಗೆದು, 2024ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಈ ಸಲವೂ ಇಲಿಗಳೇ. ಆದರೆ ಅವು ಮನುಷ್ಯರ ಟ್ರಾನ್ಸ್‌ಫೆರಿನ್ ರಿಸೆಪ್ಟರಿನ ಜೀನ್ ಸೇರಿಸಿಕೊಂಡು ಹುಟ್ಟಿದ ಇಲಿಗಳು. ಅವುಗಳ ಮಿದುಳಿನ ತುಂಬ ವೈರಸ್ಸು ಹರಡಿತು. ಮಾಮೂಲಿ ಇಲಿಗಳಲ್ಲಿ ಹಾಗೆ ಹರಡಲಿಲ್ಲ.