ಹೊಸ್ತಿಲು ದಾಟಿದ ಕಸ



ಇಲ್ಲಿ ಕೂತಿರುವ ಬೆಂಗಳೂರಿಗರಲ್ಲಿ ನಗರದ ಕಸ ಸುರಿಯುತ್ತಿದ್ದ ಮಂಡೂರನ್ನು ನೋಡಿದವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಬಹಳ ಜನರ ಮನೆಯ ಕಸವಂತೂ ಆ ಊರು ನೋಡಿದೆ. ಮಾವಳ್ಳಿಪುರದವರು ಹೋರಾಡಿ 2012ರಲ್ಲಿ ತಮ್ಮೂರಿಗೆ ಬರುತ್ತಿದ್ದ ಕಸದ ಲಾರಿಗಳನ್ನು ನಿಲ್ಲಿಸಿದ ಮೇಲೆ ನಗರದ ಕಸದ ಬಹುಪಾಲು ಭಾರ ಮಂಡೂರಿನ ಮೇಲೆ ಬಿತ್ತು. ನೊಣ, ನಾತ, ಕೆಟ್ಟುಹೋದ ನೀರು. ಅವರೂ ರಸ್ತೆಗಿಳಿದರು, 2014ರ ಕೊನೆಗೆ ಅಲ್ಲಿಯೂ ಲಾರಿ ನಿಂತಿತು. ಆ ದಿನಗಳಲ್ಲಿ ನಮ್ಮ ಬಡಾವಣೆಗಳಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ: "ಕಸ ಯಾಕೆ ಎತ್ತುತ್ತಿಲ್ಲ?" ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ.

ನಿಯಮಕ್ಕೆ ಕೊರತೆಯಿಲ್ಲ. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ 2012ರಲ್ಲೇ ಹೇಳಿತು. 2015ರಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಪ್ಯಾಡ್‌ಗಳಂಥವಕ್ಕೆ ಕೆಂಪು, ಒಣ ಕಸಕ್ಕೆ ಚೀಲ.

"ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಂದೇ ಮಾಡ್ತಾರೆ" ಎನ್ನುತ್ತಾರೆ ಹಲವರು. ಕೆಲವು ಕಡೆ ಅದು ನಿಜ, ಪ್ರಶ್ನಿಸಲೇಬೇಕು. ಆದರೆ ನಮ್ಮ ಬೀದಿಯಲ್ಲಿ ನಾನು ಕಂಡದ್ದನ್ನೂ ಹೇಳಬೇಕು. ಬಿಗಿಯಾಗಿ ಗಂಟು ಹಾಕಿದ್ದ ಕಪ್ಪು ಕವರನ್ನು ಪೌರಕಾರ್ಮಿಕ ಹೆಣ್ಣುಮಗಳೊಬ್ಬರು ಬಿಚ್ಚಿದರು. ಹಳಸಿದ ಸಾರು, ಡಯಾಪರ್, ಅದರಡಿ ಒಡೆದ ಗಾಜಿನ ಲೋಟ. ಅವರ ಬೆರಳನ್ನು ಕುಯ್ದಿತು. ಸೆರಗಿನ ತುದಿಯಿಂದ ಅದನ್ನು ಒತ್ತಿ ಹಿಡಿದು ಅವರು ಮುಂದಿನ ಮನೆಯ ಗೇಟಿಗೆ ಹೋದರು. ಆ ಗಂಟು ಹಾಕಿದ ಕೈ ಓದು ಬರಹ ಬಲ್ಲದ್ದೇ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಯದು. ಬೇರೆಯಾಗಿ ಬಂದರೆ ಗೊಬ್ಬರ. ಬೆರೆತು ರಾಶಿ ಬಿದ್ದರೆ ಗಾಳಿಯಾಡದೆ ಕೊಳೆತು ಮಿಥೇನ್ ಅನಿಲ ಬಿಡುತ್ತದೆ, ಅದರ ಕೊಳೆನೀರು ನೆಲಕ್ಕಿಳಿಯುತ್ತದೆ. ಗೊಬ್ಬರದ ಘಟಕ ಬೇಕು ಎನ್ನುವ ನಾವೇ ಅದು ನಮ್ಮ ರಸ್ತೆಯಲ್ಲಿ ಬೇಡ ಎಂದು ಸಹಿ ಸಂಗ್ರಹಿಸುತ್ತೇವೆ. ನಾತದ ಭಯ ಸುಳ್ಳಲ್ಲ. ಅದನ್ನು ಹೆಚ್ಚಿಸುವುದು ನಾವು ಬೆರೆಸಿ ಕೊಟ್ಟ ಕಸವೇ.

ಇದೇ ಬೆಂಗಳೂರು ಒಳ್ಳೆಯದನ್ನೂ ಮಾಡಿದೆ. 2011ರಿಂದ ಇಲ್ಲಿನ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ಅವರಲ್ಲಿ ಹಲವರು ಇಂದು ವಾರ್ಡಿನ ಒಣ ಕಸ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಕಸದ ವಿದ್ಯೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಾಳೆ ಬೆಳಿಗ್ಗೆ ಗಾಡಿ ಬಂದಾಗ ಬುಟ್ಟಿಯನ್ನು ಗೇಟಿನಾಚೆ ಇಟ್ಟು ಒಳಗೆ ಹೋಗಬೇಡಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ, ನೀವೇ ನಿಂತು ಪೌರಕಾರ್ಮಿಕರ ಕೈಗೆ ಕೊಡಿ.